ಒಂದು ಪ್ಲೇಟಿಗೆ ಕೈತುಂಬ ಬಳೆ

ಉಪ್ಪಿನಕಾಯಿ ಗಡಿಗೆಯ ಬಾಯಿಗೆ ಮುಚ್ಚಿದ್ದ ಕರಿಯ ತಟ್ಟೆ ಕಣ್ಣಿಗೆ ಬಿದ್ದದ್ದೇ ಬಳೆಗಾರ ಸಂಗಪ್ಪನ ಕಾಲು ನಿಂತಿತು. ರಾಮದುರ್ಗದ ಆ ಓಣಿಗೆ ಅವನು ಬಂದದ್ದು ಪದ್ಮವ್ವನ ಮಗಳ ಕುಬಸಕ್ಕೆ ಹಸಿರು ಬಳೆ ತೊಡಿಸಲು. ಚೊಚ್ಚಲ ಬಸುರಿ, ನೆರೆದ ಮುತ್ತೈದೆಯರಿಗೆಲ್ಲ ಬಳೆ ಇಡಿಸುವ ದೊಡ್ಡ ಮನೆತನ. ಅವರ ಮನೆ ಇನ್ನೊಂದು ಹೆಜ್ಜೆ ಮುಂದಿತ್ತು. ಆದರೆ ಈ ಮನೆಯ ಕಟ್ಟೆಯ ಮೇಲೆ ಗಡಿಗೆಯನ್ನು ಬಿಸಿಲಿಗಿಟ್ಟು, ಅದರ ಮೇಲೆ ಗ್ರಾಮಫೋನಿನ ಹಾಡಿನ ಪ್ಲೇಟು ಮುಚ್ಚಿದ್ದರು. ಅರಗಿನ ಪ್ಲೇಟು ಬೇಸಿಗೆಯ ಬಿಸಿಲಲ್ಲಿ ಇನ್ನರ್ಧ ತಾಸು ಇದ್ದರೆ ಹಪ್ಪಳದಂತೆ ಸೊಟ್ಟಗಾಗುತ್ತದೆಂದು ಅವನಿಗೆ ಗೊತ್ತಿತ್ತು.

ಹೆಗಲ ಮೇಲಿನ ಬಳೆಯ ಮಲಾರವನ್ನು ಕಟ್ಟೆಗಿಳಿಸಿ ಪ್ಲೇಟು ಎತ್ತಿಕೊಂಡ. ನಡುವಿನ ಕಾಗದಕ್ಕೆ ಹತ್ತಿದ್ದ ಎಣ್ಣೆಯನ್ನು ಧೋತರದ ಚುಂಗಿನಿಂದ ಒರೆಸಿದ. ಅಕ್ಷರ ಮಾಸಿದ್ದವು, ಅಂಕಿ ಉಳಿದಿದ್ದವು. ಕೊನೆಯವೆರಡು ನಾಲ್ಕು ಮತ್ತು ಎರಡು. ಸಂಗಪ್ಪ ಹುಡುಕುತ್ತಿದ್ದ ಅಂಕಿ ಅದೇ.

ಬೈಲಹೊಂಗಲದ ಬಳೆಗಾರರಲ್ಲಿ ಸಂಗಪ್ಪನಷ್ಟು ಊರು ಸುತ್ತುವವರು ಇರಲಿಲ್ಲ. ಐದು ವರ್ಷದ ಹಿಂದೆ ಬೆಳಗಾವಿಯ ಕ್ಯಾಂಪಿನಲ್ಲಿ ತನ್ನ ದೇಶಕ್ಕೆ ಹೊರಟಿದ್ದ ಸಾಹೇಬನೊಬ್ಬ ಮನೆಯ ಸಾಮಾನು ಮಾರುವಾಗ ಅವನಿಗೊಂದು ಹಾಡುವ ಪೆಟ್ಟಿಗೆ ಸಿಕ್ಕಿತು. ಪೆಟ್ಟಿಗೆಯೇನೋ ಬಂತು, ಹೊಸ ಪ್ಲೇಟು ಕೊಳ್ಳುವುದು ಬಳೆಗಾರನ ಅಳವಲ್ಲ. ಆಗ ಅವನಿಗೆ ತನ್ನ ಕಸುಬಿನ ಇನ್ನೊಂದು ಉಪಯೋಗ ಹೊಳೆಯಿತು. ಪರಗಂಡಸಾದರೂ ಅಡುಗೆಮನೆಯ ಬಾಗಿಲತನಕ ಹೋಗಬಲ್ಲವನು ಬಳೆಗಾರನೊಬ್ಬನೇ. ಗಂಡಸರು ಶೋಕಿಗೆ ತಂದು, ಪೆಟ್ಟಿಗೆ ಕೆಟ್ಟ ಮೇಲೆ ಮರೆತುಬಿಟ್ಟ ಪ್ಲೇಟು ಯಾವ ಗಡಿಗೆಯ ಮೇಲಿದೆ ಎಂಬುದು ಹೆಂಗಸರಿಗಷ್ಟೇ ಗೊತ್ತು. ಒಂದು ಪ್ಲೇಟಿಗೆ ಎರಡೂ ಕೈ ತುಂಬ ಬಳೆ ಎಂದು ಸಾರಿಬಿಟ್ಟ. ಗಂಡಂದಿರ ಕಿವಿಗೆ ಬೀಳದಂತೆ ಪ್ಲೇಟುಗಳು ಒಂದೊಂದೇ ಹೊರಬಂದವು.

ಕಿತ್ತೂರಿನಲ್ಲಿ ತುಪ್ಪದ ಗಡಿಗೆಯ ಮೇಲಿಂದ ಒಂದು ಶಹನಾಯಿ ಸಿಕ್ಕಿತು. ಆರು ತಿಂಗಳು ನುಡಿಸಿದರೂ ತುಪ್ಪದ ವಾಸನೆ ಹೋಗಲಿಲ್ಲ. ಹಕ್ಕಿ ಓಡಿಸಲು ಜೋಳದ ಹೊಲದಲ್ಲಿ ತೂಗುಹಾಕಿದ್ದ ಪ್ಲೇಟಿನಲ್ಲಿ ಲಾವಣಿಯಿತ್ತು, ಅಂಚು ಮುರಿದು ಮೊದಲೆರಡು ಸಾಲು ಮಾತ್ರ ಹಕ್ಕಿಗಳ ಪಾಲಾಗಿದ್ದವು. ಸಿರಸಂಗಿಯ ಪತ್ತಾರನೊಬ್ಬ ಪೊಳ್ಳು ಬಂಗಾರದ ಗುಂಡಿನೊಳಗೆ ತುಂಬುವ ಅರಗಿಗಾಗಿ ಪ್ಲೇಟು ಒಡೆಯುತ್ತಾನೆಂದು ಕೇಳಿ, ಸವದತ್ತಿಯಿಂದ ಉರಿಬಿಸಿಲಲ್ಲಿ ನಡೆದುಹೋಗಿ ಎರಡನ್ನು ಬಿಡಿಸಿ ತಂದಿದ್ದ. ಮೊದಮೊದಲು ತಿಳಿಯದೆ ಒಂದನ್ನು ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಒಳಗಿದ್ದ ಹಾಡುಗಾರನ ಗಂಟಲು ಕೆಡಿಸಿದ್ದೂ ಉಂಟು. ಏನು ಹಾಡೀತೆಂದು ಗೊತ್ತಿಲ್ಲದ ಪ್ಲೇಟಿನ ಮೇಲೆ ಸೂಜಿ ಇಳಿಸುವ ಗಳಿಗೆಯ ಸುಖಕ್ಕೆ ಅವನು ಉಣ್ಣುವುದನ್ನೂ ಮರೆಯುತ್ತಿದ್ದ.

ಇದ್ದ ಪ್ಲೇಟುಗಳಲ್ಲೆಲ್ಲ ಅವನಿಗೆ ಜೀವವಾದದ್ದು ಕಾಗದದ ಅಂಕಿ ನಾಲ್ವತ್ತೊಂದಕ್ಕೆ ಮುಗಿಯುವುದು. ಒಂದೇ ಬದಿ ಹಾಡುವ ಹಳೆಯ ಕಾಲದ ಪ್ಲೇಟು, ನಾಟಕ ಕಂಪನಿಯ ಹಾಡು. ಅದರಲ್ಲಿ ಹೆಂಡತಿಯೊಬ್ಬಳು ಬೆಳಗಾದ ಮೇಲೆ ಮನೆಗೆ ಬಂದ ಗಂಡನನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾಳೆ. ಸಿಟ್ಟಿನಲ್ಲಿ ಕೇಳಿ, ಅಳುತ್ತ ಕೇಳಿ, ಕಡೆಗೆ ನಗುತ್ತ ಕೇಳುತ್ತಾಳೆ. ಹೇಳುತ್ತೇನೆಂದು ಗಂಡ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪ್ಲೇಟು ಮುಗಿಯುತ್ತದೆ. ಉತ್ತರವಿರುವುದು ಅದರ ಮುಂದಿನ ಪ್ಲೇಟು ನಾಲ್ವತ್ತೆರಡರಲ್ಲಿ. ನಾಲ್ಕು ವರ್ಷದಿಂದ ಸಂಗಪ್ಪ ಅದನ್ನು ಮನೆಮನೆಯಲ್ಲೂ ಕೇಳಿದ್ದ. ಅವನ ಹೆಂಡತಿ ಸಾವಿತ್ರೆವ್ವ ನಗುತ್ತಿದ್ದಳು: "ಎಲ್ಲಿಗೆ ಹೋಗಿದ್ದ ಅಂತ ನಾ ಹೇಳತೇನಿ ತಗೋರಿ. ನಿಮ್ಮಂಗ ಪ್ಲೇಟ ಹುಡಕಾಕ ಹೋಗಿರತಾನ."

ಬಳೆಗಾರನ ಕಣ್ಣು ಮೊದಲು ಹೆಂಗಸಿನ ಕೈಗೆ ಹೋಗುತ್ತದೆ, ಆಮೇಲೆ ಮುಖಕ್ಕೆ. ಅಂದು ಸಂಗಪ್ಪನ ಕಣ್ಣು ಪ್ಲೇಟು ಬಿಟ್ಟು ಮೇಲೇಳಲಿಲ್ಲ. ಯಾರು ಎಂದು ಒಳಗಿಂದ ಹೆಣ್ಣುದನಿ ಕೇಳಿದಾಗ, ತಾನು ಬಳೆಗಾರನೆಂದೂ ಈ ಪ್ಲೇಟಿಗೆ ಎರಡು ಕೈ ತುಂಬ ಬಳೆ ಇಡುತ್ತೇನೆಂದೂ ಹೇಳಿದ. ದನಿ ಒಳಗೆ ಬರಲು ಹೇಳಿತು. ಎಷ್ಟೋ ವರ್ಷದಿಂದ ಈ ಓಣಿಗೆ ಬಂದರೂ ಈ ಮನೆಯವರು ತನ್ನನ್ನು ಒಮ್ಮೆಯೂ ಕರೆದಿರಲಿಲ್ಲ ಎಂಬುದು ಆಗ ಅವನ ನೆನಪಿಗೇ ಬರಲಿಲ್ಲ.

ಪಡಸಾಲೆಯಲ್ಲಿ ಕುಳಿತು ಮಲಾರ ಬಿಚ್ಚಿದ. ಕಂಬಕ್ಕೊರಗಿ ಹತ್ತಿ ಬಿಡಿಸುತ್ತಿದ್ದ ಮುದುಕಿ ತಂಗೆವ್ವ ತಲೆಯೆತ್ತಿ ನೋಡಿ ಮತ್ತೆ ಹತ್ತಿಗೆ ಬಗ್ಗಿದಳು. ಅವನನ್ನು ಒಳಗೆ ಕರೆದಿದ್ದ ಸೊಸೆ ಕೃಷ್ಣವ್ವ ಎದುರಿಗೆ ಬಂದು ಕುಳಿತು, ಸೆರಗಿನೊಳಗಿಂದ ಎರಡೂ ಕೈ ಮುಂದೆ ಮಾಡಿದಳು. ಕೈ ಬರಿದಾಗಿದ್ದವು. ಹಣೆಯೂ ಬರಿದಾಗಿತ್ತು.

ಸಂಗಪ್ಪ ಬಿಚ್ಚಿದ ಮಲಾರವನ್ನು ತನ್ನ ಕಡೆಗೆಳೆದುಕೊಂಡ. ತಪ್ಪಾಯಿತು, ನೋಡಲಿಲ್ಲ ಎಂದು ತಡವರಿಸಿದ. ಬಳೆಯ ಬದಲು ಇಳಕಲ್ಲಿನ ಸೀರೆ ತಂದುಕೊಡುತ್ತೇನೆಂದ, ಬೇಕಾದರೆ ಖಣವನ್ನೂ ಸೇರಿಸುತ್ತೇನೆಂದ. ಕೃಷ್ಣವ್ವ ಕೈ ಹಿಂದೆ ತೆಗೆಯಲಿಲ್ಲ.

"ಪ್ಲೇಟಿಗೆ ಬಳಿ ಅಂದ್ರಿ, ಕಾಕಾ. ಯಾರ ಕೈ ಅಂತ ಕೇಳಲಿಲ್ಲ."

ಮುದುಕಿ ಬೈದಾಳು, ತಾನು ಪಾರಾದೇನು ಎಂದು ಅವನು ತಂಗೆವ್ವನ ಕಡೆ ತಿರುಗಿದ. ಅವಳ ಕೈಯೂ ಬರಿಗೈಯೇ.

"ನನ್ನ ಯಾಕ ನೋಡತಿ?" ಎಂದಳು ತಂಗೆವ್ವ. "ಕೈ ಆಕಿದು."

ಸಂಗಪ್ಪನಿಗೆ ಹೆದರಿಕೆಯಾಯಿತು. ಗಂಡ ಸತ್ತವಳಿಗೆ ಬಳೆ ಇಟ್ಟ ಕೈಯನ್ನು ಮದುಮಗಳ ಹತ್ತಿರ ಯಾರು ಬಿಟ್ಟುಕೊಂಡಾರು? ಮಗ್ಗುಲ ಮನೆಯಲ್ಲೇ ಪದ್ಮವ್ವ ಕಾಯುತ್ತಿದ್ದಾಳೆ. ಸುದ್ದಿ ಅವನಿಗಿಂತ ಮೊದಲೇ ಬೈಲಹೊಂಗಲ ಮುಟ್ಟುತ್ತದೆ. ಅವನಿಗೆ, ಸಾವಿತ್ರೆವ್ವನಿಗೆ ಅನ್ನ ಹಾಕುವುದು ಈ ಮಲಾರವೊಂದೇ. ಕಟ್ಟಿಕೊಂಡು ಎದ್ದುಬಿಡೋಣವೆಂದರೆ, ಒಂದು ಮನೆಯಲ್ಲಿ ಬಿಚ್ಚಿದ ಮಲಾರವನ್ನು ಯಾರ ಕೈಗೂ ಬಳೆ ಇಡದೆ ಕಟ್ಟಬಾರದೆಂಬುದು ಅವನ ಮನೆತನದ ಕಟ್ಟು. ಗಿರಾಕಿ ಜಗಳವಾಡಿ ಎದ್ದುಹೋದಾಗ ಅವನ ಅಪ್ಪ ತೊಟ್ಟಿಲಲ್ಲಿದ್ದ ಕೂಸಿನ ಕೈಗೆ ಎರಡು ಬಳೆ ಇಟ್ಟು ಕಟ್ಟಿಕೊಂಡು ಬಂದಿದ್ದನಂತೆ. ಈ ಮನೆಯಲ್ಲಿ ಕೂಸಿರಲಿಲ್ಲ. ನಿಜ ಹೇಳಬೇಕೆಂದರೆ, ಇಷ್ಟೆಲ್ಲದರ ನಡುವೆಯೂ ಪ್ಲೇಟು ಅವನ ತೊಡೆಯ ಮೇಲೇ ಇತ್ತು.

ಕೃಷ್ಣವ್ವ ಮೆಲ್ಲಗೆ ಹೇಳಿದಳು, ಯಾರ ಮೇಲೂ ದೂರಿಲ್ಲದ ದನಿಯಲ್ಲಿ. "ಇನ್‌ಫ್ಲುಯೆಂಜಾ ಬ್ಯಾನ್ಯಾಗ ಅವರು ಹೋದಾಗ ನನಗ ಹದಿನಾರು. ಬಳಿ ಒಡಿಯಾಕ ಕಲ್ಲಿನ ಮ್ಯಾಲೆ ಕೈ ಇಡು ಅಂದ್ರು, ಇಟ್ಟೆ. ಆರು ವರ್ಷ ಆತ್ರಿ. ನೀವು ಮಗ್ಗಲ ಮನಿಗೆ ಬಂದಾಗೆಲ್ಲ ಇಲ್ಲೇ ಕುಂತು ಬಳಿ ಸಪ್ಪಳ ಕೇಳತಿದ್ದೆ."

ಸಂಗಪ್ಪ ಪ್ಲೇಟನ್ನು ತೊಡೆಯಿಂದ ತೆಗೆದು ಪಕ್ಕಕ್ಕಿಟ್ಟ. ಯಾವ ಬಣ್ಣ ಬೇಕೆಂದು ಕೇಳಿದ.

ಅವಳು ಬೇಗ ಆರಿಸಲಿಲ್ಲ. ಒಂದೊಂದೇ ಸರವನ್ನು ಎತ್ತಿ ಬೆಳಕಿಗೆ ಹಿಡಿದಳು, ಕೆಳಗಿಟ್ಟಳು, ಅಡಿಯಲ್ಲಿದ್ದುದನ್ನು ಎಳೆದು ನೋಡಿದಳು. ತಾನು ಪ್ಲೇಟು ಹುಡುಕುವಾಗ ನೋಡಿದವರಿಗೆ ಹೀಗೇ ಕಂಡಿರಬೇಕು ಅನ್ನಿಸಿತು ಸಂಗಪ್ಪನಿಗೆ. ಅವಸರ ಮಾಡಲಿಲ್ಲ. ಕಡೆಗೆ ಅವಳು ಚಿನ್ನದ ಚುಕ್ಕಿಯ ನೀಲಿ ಬಳೆ ತೆಗೆದುಕೊಟ್ಟಳು.

ಬೀಸಿ, ಕಟ್ಟಿಗೆ ಒಡೆದು ಗಟ್ಟಿಯಾದ ಕೈ. ವರ್ಷಕ್ಕೆರಡು ಸಲ ಬಳೆ ಇಡಿಸಿಕೊಳ್ಳುವವರ ಗೆಣ್ಣು ಮಣಿಯುವಂತೆ ಅವಳದು ಮಣಿಯಲಿಲ್ಲ. ಸಂಗಪ್ಪ ಹೆಬ್ಬೆರಳನ್ನು ಅಂಗೈಗೆ ಮಡಚಿ, ಬೆರಳು ಕೂಡಿಸಿ, ಒತ್ತಿ ಒತ್ತಿ ಒಂದೊಂದನ್ನೇ ಏರಿಸಿದ. ಅವಳಿಗೆ ನೋಯುತ್ತಿತ್ತು, ತುಟಿ ಕಚ್ಚಿಕೊಂಡಳೇ ಹೊರತು ಸಾಕೆನ್ನಲಿಲ್ಲ. ಒಂದೂ ಒಡೆಯಬಾರದೆಂದು ಅವನು ಮನಸ್ಸಿನಲ್ಲೇ ಮಲಾರಕ್ಕೆ ಬೇಡಿಕೊಂಡ. ಎರಡೂ ಕೈಗೆ ಸೇರಿ ಹನ್ನೆರಡು ಬಳೆ ಏರಿದವು, ಒಂದೂ ಒಡೆಯಲಿಲ್ಲ. ತಂಗೆವ್ವನ ಕೈಯಲ್ಲಿ ಹತ್ತಿ ಹಾಗೇ ಉಳಿದಿತ್ತು.

ಬಳೆ ತೊಟ್ಟವಳು ಮಲಾರಕ್ಕೆ ನಮಸ್ಕರಿಸಬೇಕು, ಬಳೆಗಾರ ಹರಸಬೇಕು. ಕೃಷ್ಣವ್ವ ಎಲ್ಲ ಹೆಂಗಸರಂತೆ ನೆಲಕ್ಕೆ ಹಣೆ ಹಚ್ಚಿದಳು. ಮುತ್ತೈದೆಯಾಗಿ ಬಾಳವ್ವಾ ಎನ್ನುವುದು ಸಂಗಪ್ಪನ ಬಾಯಿಗೆ ರೂಢಿಯಾದ ಮಾತು, ಆಡುವಾಗ ಅದನ್ನು ಯೋಚಿಸುತ್ತಲೂ ಇರಲಿಲ್ಲ. ಈಗ ಅದನ್ನು ಆಡುವಂತಿರಲಿಲ್ಲ. ಕೃಷ್ಣವ್ವ ಹಣೆ ಎತ್ತದೆ ಕಾದಳು.

"ಬಾಳವ್ವಾ," ಎಂದ ಸಂಗಪ್ಪ.

ಮಲಾರ ಕಟ್ಟಿ ಎದ್ದವನು ಪ್ಲೇಟನ್ನು ಮುಟ್ಟಲಿಲ್ಲ. ಅದು ಇಲ್ಲೇ ಇರಲಿ ಎಂದ. ಕೃಷ್ಣವ್ವ ಅದನ್ನು ಎತ್ತಿ ಅವನ ಕೈಯಲ್ಲಿಟ್ಟಳು.

"ಒಯ್ರಿ, ಕಾಕಾ. ಬಿಟ್ಟ ಹೋದ್ರ ಇವು ಭಿಕ್ಷಾದ ಬಳಿ ಆಗತಾವು."

ಹೊರಗೆ ಬಂದಾಗ ಪದ್ಮವ್ವ ತನ್ನ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಬಸುರಿ ಮಗಳು, ಕಟ್ಟೆಯ ಮೇಲೆ ಕುಬಸಕ್ಕೆ ಬಂದ ನಾಲ್ಕಾರು ಹೆಂಗಸರು. ಪ್ಲೇಟನ್ನು ಮಲಾರದೊಳಗೆ ತೂರಿಸಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಸಂಗಪ್ಪನಿಗೆ ಹೊಳೆದದ್ದು ಎಲ್ಲರ ಕಣ್ಣು ತನ್ನ ಕಂಕುಳಿಗೆ ಬಿದ್ದ ಮೇಲೆ. ಅವನು ಪ್ಲೇಟಿಗೆ ಏನು ಕೊಡುತ್ತಾನೆಂದು ಆ ಓಣಿಯಲ್ಲಿ ತಿಳಿಯದವರಿರಲಿಲ್ಲ. ಪದ್ಮವ್ವನೇ ಎರಡು ಪ್ಲೇಟು ಕೊಟ್ಟವಳು.

"ಅದಕ್ಕ ಆಕಿಗೆ ಏನ ಕೊಟ್ರಿ?" ಎಂದು ಕೇಳಿದಳು ಪದ್ಮವ್ವ.

ಸೀರೆ ಎನ್ನಬಹುದಿತ್ತು. ಖಣವೆನ್ನಬಹುದಿತ್ತು.

"ನಿಮಗ ಏನ ಕೊಟ್ಟಿದ್ನೋ ಅದನ್ನ, ಯವ್ವಾ," ಎಂದ.

ಪದ್ಮವ್ವ ಮಗಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡಳು. ಕಟ್ಟೆಯ ಮೇಲಿನವರು ಒಬ್ಬೊಬ್ಬರಾಗಿ ಎದ್ದುಹೋದರು. ಕದ ಮುಚ್ಚಿತು. ಓಣಿಯ ಕೊನೆಯತನಕ ಸಂಗಪ್ಪ ಬಳೆ ಎಂದು ಕೂಗಲಿಲ್ಲ, ಯಾರೂ ಅವನನ್ನು ಕರೆಯಲಿಲ್ಲ. ಹಿಂದೆ ಕೃಷ್ಣವ್ವನ ಮನೆಯಿಂದ ಬೀಸುವ ಕಲ್ಲಿನ ಸದ್ದು ಬರತೊಡಗಿತು, ಕಲ್ಲು ತಿರುಗಿದಂತೆಲ್ಲ ಹನ್ನೆರಡು ಬಳೆಗಳ ಸದ್ದೂ ಬರುತ್ತಿತ್ತು. ಮುಚ್ಚಿದ ಕದಗಳ ಒಳಗೂ ಅದು ಕೇಳುವಷ್ಟಿತ್ತು. ಸಂಗಪ್ಪ ಬಿಸಿಲಲ್ಲಿ ನಿಧಾನಕ್ಕೆ ಹೆಜ್ಜೆ ಹಾಕಿದ.