ಗುರುಲಿಂಗಮ್ಮನ ಎಡಗೈ

ಸತ್ತ ಮನೆಯ ಮಾತನ್ನು ನಾಲ್ಕು ಜನರ ಮುಂದಿಡುವ ಅಧಿಕಾರ ನನಗಿಲ್ಲ. ವೈದ್ಯದ ವಿಚಾರವೂ ಹೆಚ್ಚು ತಿಳಿಯದು. ತಪ್ಪಿದ್ದರೆ ಕ್ಷಮಿಸಬೇಕು.

ಇಷ್ಟಲಿಂಗವನ್ನು ಗುರುಲಿಂಗಮ್ಮನ ಎಡ ಅಂಗೈಯಲ್ಲಿಡಲು ಬಗ್ಗಿದ ಜಂಬಯ್ಯ ಸ್ವಾಮಿ ಕೈ ಹಿಂದಕ್ಕೆ ತೆಗೆದುಕೊಂಡರು. ಆದೋನಿ ಬಳಿಯ ಪೆದ್ದಹರಿವಾಣ ಎಂಬ ಊರಿನ ಆ ಮನೆಯ ಪಡಸಾಲೆಯಲ್ಲಿ, ಸಮಾಧಿಗೆ ಒಯ್ಯುವ ಮುಂಚೆ, ಆಕೆಯ ಹೆಣವನ್ನು ಗೋಡೆಗೆ ಆನಿಸಿ ಪದ್ಮಾಸನದಲ್ಲಿ ಕೂರಿಸಿದ್ದರು.

“ಯಾಕ ನಿಂತ್ರಿ ಅಯ್ಯಾರ?” ಎಂದಳು ಮಗಳು ಗಂಗೋತ್ರಿ.

“ನಿಮ್ಮವ್ವ ಹೋದ ವಾರ ಲಿಂಗ ಕಿತ್ತು ಅಂಗಳಕ್ಕ ಒಗದ್ಳಂತ. ಖರೇ ಏನು?”

ಸತ್ತವಳ ಭಾವ, ಹತ್ತಿ ವ್ಯಾಪಾರಿ ಸೋಮಶೇಖರಪ್ಪ, ಗಂಟಲು ಸರಿಮಾಡಿಕೊಂಡರು. “ಖರೇ ಐತ್ರಿ. ಶಿವನ್ನ ಬಾಯಿಗೆ ಬಂದಂಗ ಬೈದ್ಳು. ಬ್ಯಾಡಾಂತ ಒಗದಾಕಿಗೆ ಮತ್ತ ಲಿಂಗ ಕೊಡೋದು ಹೆಂಗ? ಹಂಗ ಮಣ್ಣು ಮಾಡ್ರಿ.”

“ದೊಡ್ಡಪ್ಪಾ, ಬೆನ್ನಾಗ ಬೆಂಕಿ ಇಟ್ಟಂಗ ಆಗಿತ್ತು ಆಕಿಗೆ.”

“ನೋವು ಯಾರಿಗಿಲ್ಲವ್ವ? ತಡ್ಕೋಬೇಕು.”

ಅಷ್ಟರಲ್ಲಿ ಆದೋನಿಯಿಂದ ಡಾಕ್ಟರ್ ದೇವದಾಸ್ ಕಾರಿನಲ್ಲಿ ಬಂದಿಳಿದರು. ಕೈಯಲ್ಲಿ ಸುಗಂಧರಾಜದ ಹಾರ. ಜನ ಎದ್ದು ದಾರಿ ಬಿಟ್ಟರು. ನೆರೆಮನೆಯ ಉರುಕುಂದಮ್ಮ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. “ಹಾರ ನೋಡ್ರಿ, ಮಾರುದ್ದ ಐತಿ. ಗುಳಿಗಿ ಕೊಡುವಾಗ ಮಾತ್ರ ಕೈ ಗಿಡ್ಡ ಆಗಿತ್ತು.”

*

ಎದೆಯಲ್ಲಿ ಹುಟ್ಟಿದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಇನ್ನು ಮನೆಗೆ ಕರೆದೊಯ್ಯಿರಿ ಎಂದು ಕರ್ನೂಲಿನಲ್ಲಿ ಹೇಳಿ ಕಳಿಸಿದ ಮೇಲೆ ಗುರುಲಿಂಗಮ್ಮ ಕೂರಲಾರಳು, ಮಲಗಲಾರಳು. ಮೊಣಕಾಲೂರಿ, ಹತ್ತಿ ಮೂಟೆಗೆ ಹಣೆ ಹಚ್ಚಿಕೊಂಡು ಇರುತ್ತಿದ್ದಳು. ಗಂಗೋತ್ರಿ ಆದೋನಿಗೆ ಹೋಗಿ ದೇವದಾಸರ ಮುಂದೆ ನಿಂತಳು.

“ಸಾರ್, ಕರ್ನೂಲಾಗ ಪಕ್ಕದ ಮಂಚದಾಕಿಗೆ ಮಾರ್ಫಿನ್ ಗುಳಿಗಿ ಕೊಡ್ತಿದ್ರು. ಆಕಿ ಎದ್ದು ಕುಂತು ಉಣ್ತಿದ್ಳು. ನಮ್ಮವ್ವಗೂ ಬರದು ಕೊಡ್ರಿ.”

ಡಾಕ್ಟರ್ ನಕ್ಕರು. “ವದ್ದಮ್ಮಾ, ಬ್ಯಾಡ. ಅದು ಚಟ ಹತ್ತಿಸ್ತದ. ಆಮ್ಯಾಲ ಬಿಡ್ಸಾಕ ಆಗಲ್ಲ.”

“ಬಿಡ್ಸೋದು ಯಾವಾಗ್ರಿ? ಆಕಿ ಉಳಿಯಲ್ಲಾಂತ ಕರ್ನೂಲಾಗ ಅಂದಾರಲ್ಲ.”

ಅವರು ಜ್ವರಕ್ಕೆ ಕೊಡುವ ಗುಳಿಗೆಯನ್ನೇ ಮತ್ತೆ ಬರೆದರು. ಮರುದಿನ ಬೆಳಿಗ್ಗೆ ಪೂಜೆಗೆಂದು ಕೂರಲು ಹೋದ ಗುರುಲಿಂಗಮ್ಮ ಕಿರುಚಿ ಬಿದ್ದಳು. ಬಿದ್ದಲ್ಲೇ ಕೊರಳ ಶಿವದಾರ ಕಿತ್ತಳು.

*

ಹಾರ ಹಾಕಲು ಬಂದ ಡಾಕ್ಟರಿಗೆ ಗಂಗೋತ್ರಿ ಅಡ್ಡ ನಿಂತಳು.

“ಮೊದ್ಲು ಇವ್ರಿಗೆ ಹೇಳ್ರಿ ಸಾರ್. ಆ ನೋವಿಗೆ ಔಷಧ ಇತ್ತೋ, ಇಲ್ಲೋ?”

“ಈಗ ಅದೆಲ್ಲಾ ಎಂದುಕಮ್ಮಾ, ಯಾಕ...”

“ಈಗ ಬೇಕು. ನಮ್ಮವ್ವನ್ನ ಲಿಂಗ ಇಲ್ದಂಗ ಮಣ್ಣು ಮಾಡ್ತಾರಂತ. ತಡ್ಕೊಳ್ಳೋ ಶಕ್ತಿ ಇರ್ಲಿಲ್ಲಂತ ಆಕಿಗೆ. ಔಷಧ ಇತ್ತೋ, ಇಲ್ಲೋ?”

“ಇತ್ತು,” ಎಂದರು ದೇವದಾಸ್. “ನನಗ ಭಯ. ಲೈಸೆನ್ಸು, ಕೇಸು... ಎಷ್ಟು ಕೊಡಬೇಕಂತ ನಮಗ ಯಾರೂ ಸರಿಯಾಗಿ ಕಲಿಸ್ಲೂ ಇಲ್ಲ.”

“ಗೊತ್ತಿಲ್ಲಾಂತ ಅಂದಿದ್ರ ಗೊತ್ತಿದ್ದವ್ರ ಹತ್ರ ಒಯ್ತಿದ್ನಲ್ರಿ! ಚಟ ಅಂದ್ರಿ. ಸಾಯಾಕಿಗೆ ಚಟ!”

“ಊರುಕೋ ಗಂಗೋತ್ರಿ, ಸುಮ್ಕಿರು, ದೊಡ್ಡ ಡಾಕ್ಟರು...” ಎಂದರು ಸೋಮಶೇಖರಪ್ಪ.

“ನೀವು ಸುಮ್ನಿರ್ರಿ ದೊಡ್ಡಪ್ಪಾ. ನಿಮಗ ಹಲ್ಲು ನೋವಾದಾಗ ಓಣಿ ಮಂದಿಗೆಲ್ಲಾ ಕೇಳಿಸಿತ್ತು.”

ಜಂಬಯ್ಯ ಸ್ವಾಮಿ ಇನ್ಯಾರನ್ನೂ ಕೇಳಲಿಲ್ಲ. “ವಿಭೂತಿ ತರ್ರಿ” ಎಂದರು. ಲಿಂಗವನ್ನು ಅಂಗೈಯಲ್ಲಿಟ್ಟು ಬೆರಳು ಮಡಚಲು ನೋಡಿದರು. ಸೆಟೆದ ಬೆರಳುಗಳು ಮಡಚಲಿಲ್ಲ. ಲಿಂಗ ಉರುಳದಂತೆ ಗಂಗೋತ್ರಿ ಬಿಳಿ ಬಟ್ಟೆಯ ಚೂರಿನಿಂದ ಅವ್ವನ ಕೈ ಬಿಗಿದು ಕಟ್ಟಿದಳು. ಡಾಕ್ಟರ ಹಾರ ಬಾಗಿಲ ಬಳಿ ಅವರ ಕೈಯಲ್ಲೇ ಉಳಿಯಿತು.

ಗುರುಲಿಂಗಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆ ಲಿಂಗ ಆಕೆಗೆ ಬೇಕಾಗಿತ್ತೋ ಇಲ್ಲವೋ, ಗೊತ್ತಿಲ್ಲ.