ಎವಾರಿಸ್ತೊ ಹಾಕಿದ ಓಟು

"ಅರ್ಜೀಲಿ ಇಲ್ಲ ಅಂತ ಬರೆದಿದೆ, ಇಲ್ಲ ಅಂತಲೇ ಹೇಳು," ಎಂದಳು ಹೆಂಡತಿ ಒಫೆಲಿಯಾ, ಗಾಡಿಯ ಗೇರು ಬದಲಿಸುತ್ತ. "ಒಂದೇ ಒಂದು ಮಾತು. ಅಷ್ಟಕ್ಕೇ ಬಾಯಿ ನೋಯುತ್ತಾ ನಿಂಗೆ?"

ಎವಾರಿಸ್ತೊ ಕಿಟಕಿಯಾಚೆ ನೋಡಿದ. ಅವಳು ಇಸ್ತ್ರಿ ಮಾಡಿದ ಅಂಗಿಯ ಕಾಲರು ಕುತ್ತಿಗೆಗೆ ಒತ್ತುತ್ತಿತ್ತು. ರಸ್ತೆಯ ಎರಡೂ ಬದಿಗೆ ಲೆಟ್ಯೂಸ್ ಸೊಪ್ಪಿನ ಹೊಲಗಳು. ಈ ಸೀಮೆಯಲ್ಲಿ ಅವನು ನೀರು ಹಾಯಿಸಲು ನಿಂತು ಮೂವತ್ತು ವರ್ಷವಾಗಿತ್ತು.

"ಗಾಡಿ ನಿಲ್ಸು."

"ಯಾಕೆ?"

"ಆ ತೂಬು ನೋಡು. ಯಾವನೋ ಅರ್ಧ ಮುಚ್ಚಿ ಹೋಗಿದಾನೆ. ಸಾಲೆಲ್ಲ ಕೊಚ್ಕೊಂಡು ಹೋಗುತ್ತೆ."

"ಅಯ್ಯೋ ದೇವರೇ! ಅದು ನಿನ್ನ ಧಣಿಯ ಹೊಲವೂ ಅಲ್ಲ. ಹತ್ತು ಗಂಟೆಗೆ ಪೌರತ್ವದ ಕಚೇರೀಲಿ ಇರಬೇಕು ನೀನು!"

ಅವನು ಆಗಲೇ ಇಳಿದಿದ್ದ. ಕಾಲುವೆಯ ಏರಿ ಹತ್ತಿ, ತಗಡಿನ ಹಲಗೆಯನ್ನು ಎರಡೂ ಕೈಯಿಂದ ಒತ್ತಿ ಕೂರಿಸಿ ಬಂದ. ಹೊಸ ಬೂಟಿನ ತುಂಬ ಕೆಸರು. ಒಫೆಲಿಯಾ ಸೀಟಿನ ಕೆಳಗಿನ ಬಟ್ಟೆ ತೆಗೆದು ಅವನ ತೊಡೆಯ ಮೇಲೆ ಎಸೆದಳು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೇನೆಗೆ ಸೇರಿದಾಗ ಅವನು ಬಲಗೈ ಎತ್ತಿ ಪ್ರಮಾಣ ಮಾಡಿದ್ದ. ಹುಟ್ಟಿದ್ದು ಗಡಿಯಾಚೆ ಮೆಕ್ಸಿಕೋದಲ್ಲಾದರೂ, ಆ ಪ್ರಮಾಣದೊಂದಿಗೆ ತಾನು ಅಮೆರಿಕದ ಪ್ರಜೆಯಾದೆ ಎಂದೇ ನಂಬಿದ್ದ. ಅವನ ತುಕಡಿಯಲ್ಲಿ ಗಡಿಯಾಚೆಯಿಂದ ಬಂದ ಹುಡುಗರೆಲ್ಲ ಹಾಗೇ ನಂಬಿದ್ದರು. ಕುವೈತ್ ಯುದ್ಧದಲ್ಲಿ, ಅಲ್ಲಿನ ಮರಳಲ್ಲಿ ಏಳು ತಿಂಗಳು ಟ್ರಕ್ಕು ಓಡಿಸಿ ಬಂದ ಮರುವರ್ಷ ಚುನಾವಣೆ. ಊರ ಶಾಲೆಯ ಮುಂದೆ ಸಾಲಿನಲ್ಲಿ ನಿಂತು ಓಟು ಹಾಕಿದ. ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಜ್ಯೂರಿಯಾಗಿ ಕೂರಲು ಕರೆ ಬಂತು. ಅಲ್ಲಿನ ಗುಮಾಸ್ತ ಅವನ ಗ್ರೀನ್ ಕಾರ್ಡನ್ನು ತಿರುಗಿಸಿ ನೋಡಿ, "ನೀವು ಪ್ರಜೆ ಅಲ್ವಲ್ಲ, ಇಲ್ಲಿ ಇರೋಕೆ ಪರವಾನಗಿ ಇದೆ ಅಷ್ಟೆ," ಎಂದಾಗಲೇ ಗೊತ್ತಾದದ್ದು. ಪ್ರಜೆಯಲ್ಲದವನು ಓಟು ಹಾಕಿದರೆ ಅಪರಾಧ. ಅವತ್ತಿನಿಂದ ಅವನು ಪೌರತ್ವದ ಅರ್ಜಿಯ ತಂಟೆಗೇ ಹೋಗಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವನ ತುಕಡಿಯ ಗೆಳೆಯ ಕಾಂದೆಲಾರಿಯೊನನ್ನು ಯಾವುದೋ ಹಳೆಯ ಹೊಡೆದಾಟದ ಕೇಸಿನ ಮೇಲೆ ಗಡಿಯಾಚೆ ಬಿಟ್ಟುಬಂದರು. "ನಿನ್ನ ಹತ್ರ ಇರೋದು ಬರೀ ಕಾರ್ಡು ಕಣೋ, ನನ್ನ ಹತ್ರಾನೂ ಅದೇ ಇತ್ತು," ಎಂದ ಅವನು ಫೋನಿನಲ್ಲಿ. "ಸತ್ತ ಮೇಲೆ ಸೈನಿಕ ಅಂತ ಬಾವುಟ ಹೊದಿಸಿ, ಹೂಳೋಕೆ ಒಳಗೆ ಬಿಟ್ಕೊಳ್ತಾರಂತೆ. ಅಲ್ಲೀವರೆಗೆ ಇಲ್ಲೇ ಟ್ಯಾಕೊ ತಿಂತಾ ಬಿದ್ದಿರ್ತೀನಿ." ಮಾರನೆಯ ದಿನವೇ ಎವಾರಿಸ್ತೊ ಅರ್ಜಿ ತರಿಸಿದ. ಮಗಳು ತುಂಬಿದಳು. ಓಟಿನ ಪ್ರಶ್ನೆಗೆ ತಾಯಿಯ ಮಾತಿನಂತೆ 'ಇಲ್ಲ' ಎಂದು ಗುರುತು ಹಾಕಿದಳು.

ಕಚೇರಿಯಲ್ಲಿ ಅವನನ್ನು ಕರೆದವಳು ಮಗಳ ವಯಸ್ಸಿನ ಅಧಿಕಾರಿ. ಬಲಗೈ ಎತ್ತಿಸಿ, ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದಳು. ಬೂಟಿನ ಕಡೆ ಒಮ್ಮೆ ನೋಡಿ, "ಕೂತ್ಕೊಳ್ಳಿ ಸಾರ್," ಎಂದಳು. ಪೌರತ್ವ ಪರೀಕ್ಷೆಯ ಪ್ರಶ್ನೆಯಾಗಿ, ದೇಶದ ಅತಿ ಉದ್ದದ ಎರಡು ನದಿಗಳಲ್ಲಿ ಒಂದನ್ನು ಹೇಳಿ ಎಂದಳು.

"ಮಿಸಿಸಿಪ್ಪಿ. ಕೊಲರಾಡೋ ಬಗ್ಗೆ ಕೇಳಿದ್ರೆ ಇನ್ನೂ ಚೆನ್ನಾಗಿ ಹೇಳ್ತಿದ್ದೆ ಮೇಡಂ. ದಿನಾ ಅದರ ನೀರಲ್ಲೇ ನಿಂತಿರ್ತೀನಿ."

ಅವಳು ನಕ್ಕಳು. ಹಾಳೆ ಮಗುಚುತ್ತ ಹೋದಳು. "ಯಾವತ್ತಾದರೂ ಓಟು ಹಾಕಿದೀರಾ? ಇಲ್ಲ ಅಂತಿದೆ," ಎಂದು ತಾನೇ ಓದಿಕೊಂಡು, ಪೆನ್ನನ್ನು ಮುಂದಿನ ಸಾಲಿಗೆ ಒಯ್ದಳು.

"ಅದು ತಪ್ಪು ಮೇಡಂ. ಹಾಕಿದೀನಿ."

ಪೆನ್ನು ನಿಂತಿತು.

"ತೊಂಬತ್ತೆರಡರಲ್ಲಿ, ಒಂದೇ ಸಲ. ಪ್ರಜೆ ಆಗಿದೀನಿ ಅನ್ಕೊಂಡಿದ್ದೆ."

"ಸಾರ್," ಅವಳ ದನಿ ತಗ್ಗಿತು. "ಇದರಿಂದ ಏನಾಗಬಹುದು ಅಂತ ಗೊತ್ತಾ? ಅರ್ಜಿ ಬಿದ್ದುಹೋಗಬಹುದು. ದೇಶ ಬಿಡಿಸೋ ತನಕಾನೂ ಹೋಗಬಹುದು."

"ಗೊತ್ತು."

"ಮತ್ತೆ?"

"ಈಗ ತಾನೇ ಕೈ ಎತ್ತಿಸಿದ್ರಲ್ಲ. ಮೊದಲನೇ ಸಲ ಎತ್ತಿದಾಗ ಅದರಿಂದ ಏನಾಯ್ತು, ಏನಾಗಲಿಲ್ಲ ಅಂತ ನಂಗೆ ತಿಳೀಲಿಲ್ಲ. ಈ ಸಲ ತಿಳಿದೇ ಎತ್ತಿದೀನಿ."

ಅವಳು ಎದ್ದು ಹೊರಗೆ ಹೋದಳು. ಕಿಟಕಿಯಾಚೆ ಗಾಡಿಗಳ ನಡುವೆ ಒಫೆಲಿಯಾ ನಿಂತಿರುವುದು ಕಾಣುತ್ತಿತ್ತು. ಎವಾರಿಸ್ತೊ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಬಹಳ ಹೊತ್ತಿನ ಮೇಲೆ ಬಂದ ಅಧಿಕಾರಿ ಒಂದು ಖಾಲಿ ಹಾಳೆ ಇಟ್ಟಳು.

"ನಡೆದದ್ದನ್ನ ನಿಮ್ಮ ಕೈಯಾರೆ ಬರೆದುಕೊಡಿ. ಮೇಲಿನವರು ನೋಡ್ತಾರೆ. ಏನಾಗುತ್ತೆ ಅಂತ ನಾನು ಹೇಳೋಕಾಗಲ್ಲ. ವಕೀಲರು ಬೇಕು ಅಂದ್ರೆ ಇನ್ನೊಂದು ದಿನ ಬರಬಹುದು."

"ಬೇಡ. ಇವತ್ತೇ ಬರೀತೀನಿ."

ರುಜು ಹಾಕುವುದು ಬಿಟ್ಟರೆ ಬರೆದು ರೂಢಿಯಿಲ್ಲದ ಕೈ. ಸೇನೆಯ ತರಬೇತಿಗೆ ಹೊರಟ ಬಸ್ಸಿನಿಂದ ಶುರು ಮಾಡಿದ. ಕೂಗಿ ಕೂಗಿ ದನಿ ಕಳೆದುಕೊಂಡಿದ್ದ ಸಾರ್ಜೆಂಟಿನ ಹೆಸರು ಬರೆದ. ಟ್ರಕ್ಕಿನ ನಂಬರು ಬರೆದ. ಹಾಳೆ ತುಂಬಿತು. ಅವನ ಬರಹದಲ್ಲಿ ಚುನಾವಣೆಯ ದಿನ ಇನ್ನೂ ಬಂದಿರಲಿಲ್ಲ.

"ಇನ್ನೊಂದು ಹಾಳೆ ಕೊಡಿ ಮೇಡಂ."

ಅವಳು ಪ್ರಿಂಟರಿನೊಳಗಿಂದ ಒಂದಷ್ಟು ಹಾಳೆ ತೆಗೆದು, ಎಣಿಸದೆ, ಅವನ ಮುಂದೆ ಇಟ್ಟಳು.