ಮಡಚುವ ಟಾಪು

ಕಲ್ಲಯ್ಯ ಕೆಟ್ಟ ಮನುಷ್ಯನಾಗಿದ್ದರೆ ಈ ಕತೆ ಹೇಳುವುದು ಎಷ್ಟೋ ಸಲೀಸಾಗಿರುತ್ತಿತ್ತು. ನಾಲ್ಕು ಮಾತು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅವನು ಕುಡಿದವನಲ್ಲ, ಜೂಜಾಡಿದವನಲ್ಲ, ಹೆಂಡತಿ ಸಂಗವ್ವನನ್ನು ಒಂದು ದಿನವೂ ಗದರಿಸಿದವನಲ್ಲ. ಮಕ್ಕಳಾಗಲಿಲ್ಲವೆಂದು ನೆಂಟರು ಇನ್ನೊಂದು ಮದುವೆಯ ಮಾತು ತೆಗೆದಾಗ ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದು ಬಂದಿದ್ದ. ಅಂಥವನು ಹೀಗೆ ಮಾಡಿದನಲ್ಲ ಎಂಬುದೇ ಸಂಕಟ.

ಎಲ್ಲಕ್ಕೂ ಮೂಲ ಆ ಗಾಡಿ. ಖಾನಾಪುರದ ಆದಿನಾಥ ಸಾವಕಾರರ ತೆರೆದ ಆಸ್ಟಿನ್ ಮೋಟಾರು. ಇಪ್ಪತ್ತು ವರ್ಷ ಅದನ್ನು ಓಡಿಸಿದವ ಕಲ್ಲಯ್ಯ. ಮುಂದೆ ಇವನು, ಹಿಂದೆ ಸಾವಕಾರರು ಮತ್ತು ಅವರ ಹೆಂಡತಿ ತಾರಾಬಾಯಿ, ಮೇಲೆ ಕ್ಯಾನ್ವಾಸಿನ ಟಾಪು. ಹವೆ ಚೆನ್ನಾಗಿದ್ದ ದಿನ ಎರಡು ಕೊಂಡಿ ಬಿಚ್ಚಿ ಹಿಂದಕ್ಕೆ ತಳ್ಳಿದರೆ ಸಾಕು, ಆ ಟಾಪು ಮಡಿಕೆ ಮಡಿಕೆಯಾಗಿ ಸೀಟಿನ ಬೆನ್ನಿಗೆ ಹೋಗಿ ಕೂರುತ್ತಿತ್ತು. ಊರಿನ ಮಂದಿ ನಿಂತು ನೋಡುತ್ತಿದ್ದರು. ತಾರಾಬಾಯಿ ಒಮ್ಮೆ ಸಂಗವ್ವನನ್ನು, ಬಾರವ್ವ, ಕೂತುಕೋ ಎಂದು ಕರೆದಾಗ ಬೇಡವೆಂದವನು ಕಲ್ಲಯ್ಯನೇ. ಡ್ರೈವರನ ಹೆಂಡತಿ ಮಾಲಕರ ಪಕ್ಕ ಕೂರುವುದು ಅವನಿಗೆ ಸರಿಬರಲಿಲ್ಲ. ಸಂಗವ್ವ ನಡೆದೇ ಮನೆಗೆ ಬಂದಳು.

ಸಾವಕಾರರು ಹಾಸಿಗೆ ಹಿಡಿದ ಮೇಲೆ ಗಾಡಿ ಶೆಡ್ಡು ಸೇರಿತು. ಟಾಪಿನ ಬಟ್ಟೆಯನ್ನು ಇಲಿ ತಿಂದವು. ಕಬ್ಬಿಣದ ಹಂದರವನ್ನು ಮನೆಯ ಆಳೊಬ್ಬ ಹಳೇ ಸಾಮಾನಿನವನಿಗೆ ಹಾಕಿಬಿಟ್ಟ. ಸಾವಕಾರರು ತೀರಿಕೊಂಡರು, ಮಗ ಹೊಸ ಕಾರು ಕೊಂಡ, ಬೋಳುತಲೆಯ ಹಳೇ ಗಾಡಿಯನ್ನು ಕಲ್ಲಯ್ಯನಿಗೆ ಸುಮ್ಮನೆ ಕೊಟ್ಟ. ಹೊಟ್ಟೆಪಾಡಿಗೆ ಕಲ್ಲಯ್ಯ ಹಂಚಿನ ಕಾರಖಾನೆಯ ಲಾರಿ ನಡೆಸುತ್ತಿದ್ದ. ಸಂಜೆ ಬಂದು ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ. ಇಂಜಿನ್ನು ಮಾತ್ರ ಗಡಿಯಾರದ ಹಾಗೆ ಇತ್ತು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಹೋಳಿಹುಣ್ಣಿಮೆಯ ಸುಮಾರಿಗೆ ಸಂಗವ್ವ ಎದೆಯಲ್ಲಿ ಗಂಟು ಇದೆಯೆಂದು ಗಂಡನಿಗೆ ಹೇಳಿದಳು. ಹೇಳುವಾಗ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಖಾನಾಪುರದ ಡಾಕ್ಟರು ನೋಡಿ, ಕಲ್ಲಯ್ಯನನ್ನು ಹೊರಗೆ ಕರೆದು ಹೇಳಿದರು: "ಬೆಳಗಾವಿ ದೊಡ್ಡ ದವಾಖಾನಿಗೆ ಕರಕೊಂಡ ಹೋಗ್ರಿ. ಗಂಟ ಇನ್ನಾ ಸಣ್ಣದೈತಿ, ತಗದ್ರ ಹೋಗತೈತಿ. ತಡಾ ಮಾಡಬ್ಯಾಡ್ರಿ."

ಕಲ್ಲಯ್ಯ ಮನೆಗೆ ಬಂದು ಗಾಡಿಯ ಬಾಜು ನಿಂತ. ಒಂದು ಜನ್ಮವಿಡೀ ಮಂದಿಯನ್ನು ಹಿಂದೆ ಕೂರಿಸಿಕೊಂಡು ತಿರುಗಿದ್ದ, ತನ್ನವಳನ್ನು ಒಮ್ಮೆಯೂ ಕೂರಿಸಿರಲಿಲ್ಲ. ಈಗ ಗಾಡಿ ತನ್ನದು.

"ಸಂಗವ್ವ, ಬೆಳಗಾವಿಗೆ ನಮ್ಮ ಗಾಡ್ಯಾಗ ಹೋಗೂಣು. ನೀ ಹಿಂದ ಕುಂದ್ರು, ಸಾವಕಾರತಿ ಹಂಗ."

"ಬೋಳ ಗಾಡ್ಯಾಗ ಬಿಸಲಾಗೇನ್ರಿ?" ಎಂದು ಅವಳು ನಕ್ಕಳು.

"ಟಾಪ್ ಹಾಕಸ್ತೇನಿ. ಯುಗಾದಿಗೆ ತಯಾರಾಗತೈತಿ. ಆಪರೇಶನ್ ಮಾಡಿಸಿಕೊಂಡು ಹಸೀ ಗಾಯದಾಗ ಬಸ್ಸಿನ್ಯಾಗ ಜಿಗ್ಯಾಡಕೋತ ಬರತೀಯೇನು?"

ಕೇಳಲಿಕ್ಕೆ ಎಷ್ಟು ಸರಿಯಾದ ಮಾತು ನೋಡಿ. ಅವಳ ಕಣ್ಣಿನಲ್ಲೂ ನೀರು ಬಂತು. ಇಪ್ಪತ್ತು ವರ್ಷದ ಹಿಂದೆ ತಾರಾಬಾಯಿಗೆ ಬೇಡವೆಂದದ್ದನ್ನು ಅವನು ಮರೆತಿರಲಿಲ್ಲವಲ್ಲ ಎಂದು.

ಮುಂಬಯಿಯಲ್ಲಿ ಹಳೇ ಗಾಡಿಗಳ ಹಂದರ ಸಿಗುತ್ತದೆಂದು ಗೊತ್ತಾಯಿತು. ಆದರೆ ಅದರ ಕ್ರಯಕ್ಕೆ ಇಂಥ ಗಾಡಿಯೇ ಇನ್ನೊಂದು ಬರುತ್ತಿತ್ತು. ಕಲ್ಲಯ್ಯ ಆ ಆಸೆ ಬಿಟ್ಟ. ಬೆಳಗಾವಿಯಲ್ಲಿ ಮೂಲೆಗೆ ಬಿದ್ದ ಟಾಂಗಾದ ಟಾಪೊಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದ. ಇಟ್ಟು ನೋಡಿದರೆ ಎರಡೂ ಕಡೆ ಗೇಣುಗಟ್ಟಲೆ ಕಡಿಮೆ. ಅದನ್ನು ಕೊಯ್ದು ಅಗಲ ಮಾಡಲು ಹೋದ, ಹಳೇ ಕಬ್ಬಿಣ ಪಟಪಟ ಮುರಿಯಿತು. ಅಷ್ಟರಲ್ಲಿ ಯುಗಾದಿ ಬಂದು ಹೋಯಿತು.

ಆಮೇಲೆ ಬೆಳಗಾವಿಯ ಉದ್ಯಮಬಾಗದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಲಕ್ಷ್ಮಪ್ಪನ ಬೆನ್ನು ಹತ್ತಿದ. ಲಕ್ಷ್ಮಪ್ಪ ಹಳೇ ಪರಿಚಯದವ, ಒಳ್ಳೆಯವ. ಕಡಿಮೆ ಖರ್ಚಿನಲ್ಲಿ ಆಗಲೆಂದು ಹಳೇ ನೀರಿನ ಪೈಪು ಬಗ್ಗಿಸಿ ಮೂರು ಕಮಾನು ಮಾಡಿದ, ಪಟ್ಟಿ ಕಬ್ಬಿಣದ ತೋಳು ಜೋಡಿಸಿದ. ಬಸವ ಜಯಂತಿಯ ಮುಂಚೆಯೇ ಕಲ್ಲಯ್ಯ ಗಾಡಿ ಒಯ್ದು ನಿಲ್ಲಿಸಿದ. ಹಂದರ ಎದ್ದು ನಿಂತಿತು. ಎತ್ತರ, ಅಗಲ, ಎಲ್ಲ ಒಪ್ಪವಾಗಿತ್ತು. ಮಡಚಲು ಹೋದಾಗ ಮಾತ್ರ ಮುಂದಿನ ಕಮಾನಿನ ತೋಳು ನಡುವಿನದಕ್ಕೆ ಬಡಿದು ಅರ್ಧಕ್ಕೇ ನಿಂತುಬಿಟ್ಟಿತು.

"ಅಯ್ಯಾರ, ಇಷ್ಟ ಸಾಕ್ರಿ," ಎಂದ ಲಕ್ಷ್ಮಪ್ಪ. "ಬೋಲ್ಟ್ ಬಿಗದ ಬಿಡತೇನಿ. ಮ್ಯಾಲ ತಾಡಪತ್ರಿ ಕಟ್ರಿ, ನಾಳೆನ ಅಕ್ಕಾರನ್ನ ಕುಂದರಿಸಿಕೊಂಡ ಬರ್ರಿ."

"ಮಡಚೂದಿಲ್ಲಲ್ಲೊ ಲಕ್ಷ್ಮಪ್ಪ."

"ಮಡಚಿ ಏನ ಮಾಡಾವ್ರು? ದವಾಖಾನಿಗೆ ಹೋಗಾಕ ಅಲ್ಲೇನ್ರಿ ಇದು?"

"ಹಿಂಗ ಹೋದ್ರ ಕಾಯಿಪಲ್ಲೆ ಗಾಡಿ ಬಂತು ಅಂತಾರ. ಸಾವಕಾರರ ಟಾಪು ಮಡಚತಿತ್ತು. ಇದೂ ಮಡಚಬೇಕು."

ಅವತ್ತು ಆ ಮೂರು ಕಮಾನಿನ ಮೇಲೆ ಒಂದು ತಾಡಪತ್ರಿ ಎಳೆದಿದ್ದರೆ ಮುಗಿಯುತ್ತಿತ್ತು. ಕಲ್ಲಯ್ಯ ಹಂದರ ಬಿಚ್ಚಿಸಿ, ಬೋಳು ಗಾಡಿಯಲ್ಲೇ ಖಾನಾಪುರಕ್ಕೆ ತಿರುಗಿ ಬಂದ. ಬರುವ ಮುಂಚೆ ಪೇಟೆಗೆ ಹೋಗಿ ಕ್ಯಾನ್ವಾಸಿನ ದರ ಕೇಳಿದ, ಅದೇ ದೊಡ್ಡ ದವಾಖಾನೆಯ ಗೇಟು ದಾಟಿಯೇ ಬಂದ.

ಪಾರಿಶ್ವಾಡದಿಂದ ಸಂಗವ್ವನ ತಂಗಿ ನಿಂಗವ್ವ ಬಂದಳು. ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಿ ನೋಡಿದಳು. ಹೊರಗೆ ಬಂದಾಗ ಅವಳ ಮುಖ ಸುಟ್ಟಂತಾಗಿತ್ತು.

"ಮಾಮಾ, ದಿನಾ ಬಸ್ಸ ಹೊಂಡತಾವ, ರೈಲ ಐತಿ. ನಾಳೆ ಮುಂಜಾನೆ ನಾನ ಅಕ್ಕನ್ನ ಕರಕೊಂಡ ಹೋಗತೇನಿ. ನಿಮ್ಮ ಗಾಡಿ ಯಾವಾಗರೆ ಆಗಲಿ."

"ಒಂದ ವಾರ ತಡಿಯವ್ವಾ. ಮುಗದಂಗ ಆಗೇತಿ."

"ಒಂದ ವಾರ ಅನ್ನೂದನ್ನ ಯುಗಾದಿಯಿಂದ ಕೇಳಾಕತ್ತೇನಿ."

ಕಲ್ಲಯ್ಯ ತಲೆ ತಗ್ಗಿಸಿ ಕೂತ. ಆ ಹೊತ್ತಿಗೆ ಅವನ ಮುಖ ಎಷ್ಟು ಸಣ್ಣದಾಯಿತೆಂದರೆ, ಸಂಗವ್ವನೇ ತಂಗಿಯ ಕೈ ಹಿಡಿದು, "ಇರ್ಲಿ ಬಿಡವಾ, ಒಂದ ವಾರದಾಗ ಏನಾಗತೈತಿ," ಎಂದಳು. ನಿಂಗವ್ವ ಊಟ ಮಾಡದೆ ಹೋದಳು. ಸಂಗವ್ವನಿಗೂ ಕೊಯ್ಯಿಸಿಕೊಳ್ಳುವ ಹೆದರಿಕೆ, ಅದಕ್ಕೇ ಮುಂದೆ ಹಾಕುತ್ತಾಳೆ ಎಂದು ಕಲ್ಲಯ್ಯ ತನ್ನಷ್ಟಕ್ಕೆ ಹೇಳಿಕೊಂಡ.

ಹುಚ್ಚು ತಲೆಗೆ ಏರಿದ ಮೇಲೆ ಇಳಿಸುವವರು ಯಾರು? ಕಸಬರಿಗೆಯ ಕಡ್ಡಿ ಮುರಿದು, ಗುಂಡುಸೂಜಿ ಚುಚ್ಚಿ, ಅಂಗೈಯಗಲದ ಹಂದರ ಕಟ್ಟಿ ಮಡಚಿ ಮಡಚಿ ನೋಡಿದ. ಒಂದರ ತೋಳು ಗಿಡ್ಡ ಮಾಡಿದರೆ ಇನ್ನೊಂದು ಬಡಿಯುತ್ತಿತ್ತು. "ಮನಿ ಕಸಾ ಯಾತರ್ಲೆ ಹೊಡೀಲಿ? ನಿಮ್ಮ ಗಡ್ಡದ್ಲೇನು?" ಎಂದು ಸಂಗವ್ವ ಛೇಡಿಸಿದಳು. ಅವನು ನಕ್ಕ. ಅವಳು ಒಗೆದ ಬಟ್ಟೆಯನ್ನು ಹಗ್ಗದ ಮೇಲೆ ಹಾಕುವುದು ಬಿಟ್ಟು ಬೇಲಿಯ ಮೇಲೆ ಹರವುತ್ತಿದ್ದುದನ್ನು ನೋಡಿದ. ಯಾಕೆಂದು ಕೇಳಲಿಲ್ಲ.

ಕಾರಹುಣ್ಣಿಮೆ ದಾಟಿ ಮಳೆ ಹಿಡಿಯಿತು. ಒಂದು ಮುಂಜಾನೆ ಸಂಗವ್ವ ಪಡಸಾಲೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಭುಜ ಮೇಲೆ ಏಳುತ್ತಿರಲಿಲ್ಲ. ಅದಕ್ಕೆ ಕೈಯನ್ನು ಮೈಗೆ ಅಂಟಿಸಿ, ಮೊಣಕೈಯಷ್ಟೇ ಮಡಚಿ, ತಲೆಯನ್ನೇ ಹಣಿಗೆಯ ಹತ್ತಿರಕ್ಕೆ ಬಗ್ಗಿಸಿ ತಂದು ಬಾಚುತ್ತಿದ್ದಳು. ಎದುರಿಗೆ ಚಹಾ ಕುಡಿಯುತ್ತಿದ್ದ ಕಲ್ಲಯ್ಯ ಬಟ್ಟಲು ಕೆಳಗಿಟ್ಟ. ಕಣ್ಣು ಆ ಮೊಣಕೈಯ ಮೇಲೆ ನಿಂತುಬಿಟ್ಟಿತು.

"ಇನ್ನೊಮ್ಮೆ ಮಾಡ," ಎಂದ.

"ಏನ?"

"ಹಿಂಗ ಕೈ ಮಡಚಿದ್ಯಲ್ಲಾ, ಹಂಗ."

ಅವಳು ಮಾಡಿದಳು. ಮುಂದಿನ ಕಮಾನಿನ ತೋಳು ಒಂದೇ ಪಟ್ಟಿಯಾಗಿರಬಾರದು. ನಡುವೆ ಕಡಿದು ಅಲ್ಲೊಂದು ಮೊಣಕೈ ಕೊಟ್ಟರೆ ಅದು ಒಳಕ್ಕೆ ಮಡಚಿ, ನಡುವಿನ ಕಮಾನಿಗೆ ದಾರಿ ಬಿಡುತ್ತದೆ. ಇಷ್ಟು ಹೊಳೆದದ್ದೇ ತಡ, ಚಹಾ ಅಲ್ಲೇ ಬಿಟ್ಟು ಕಡ್ಡಿಗಳನ್ನು ಕಿಸೆಗೆ ಹಾಕಿಕೊಂಡು ಲಾರಿಗೆ ಓಡಿದ. ಮೊಣಕೈ ಕಂಡಿತು, ಭುಜ ಕಾಣಲಿಲ್ಲ ಆ ಪುಣ್ಯಾತ್ಮನಿಗೆ.

ಲಕ್ಷ್ಮಪ್ಪ ತೋಳು ಕಡಿದು ಕೀಲು ಕೂಡಿಸಿದ. ಹಂದರ ಸದ್ದಿಲ್ಲದೆ ಮಡಚಿ ಕೂತಿತು. ಕಲ್ಲಯ್ಯ ಅಂಗಡಿಯ ಬಾಗಿಲಲ್ಲಿ ನಿಂತು ಅತ್ತ. ಆಮೇಲೆ ಕ್ಯಾನ್ವಾಸು. ಬೆಳಗಾವಿಯ ಶಹಾಪುರದ ಹೊಲಿಗೆಯವನು ಮಳೆಯಲ್ಲಿ ಬಟ್ಟೆ ಒದ್ದೆಯಾಗಿದೆ, ಒಣಗಿದರೆ ಎಳೆದುಕೊಳ್ಳುತ್ತದೆ, ಈಗ ಹೊಲಿಯುವುದಿಲ್ಲವೆಂದ. ಕಲ್ಲಯ್ಯ ಅದಕ್ಕೂ ಕಾದ. ಅಷ್ಟು ದಿನ ಕಾದದ್ದಾಗಿದೆ, ಇನ್ನಷ್ಟು.

ನಾಗರಪಂಚಮಿ ಮುಗಿದ ಮೇಲೆ ಹೊರಟರು. ಸಂಗವ್ವ ಹಸಿರು ಇಳಕಲ್ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಒಂದು ಕಡೆ ಒರಗಿ ಕೂತಳು. ಮೈ ಇಳಿದುಹೋಗಿತ್ತು, ಸೀಟು ದೊಡ್ಡದಾಗಿ ಕಾಣುತ್ತಿತ್ತು. ಓಣಿಯವರು ಬಾಗಿಲಿಗೆ ಬಂದು ನೋಡಿದರು. ಕಲ್ಲಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಖರೇ ಹೇಳಬೇಕೆಂದರೆ ಆ ಹಾದಿಯುದ್ದಕ್ಕೂ ಅವನು ಸುಖವಾಗಿದ್ದ.

ದವಾಖಾನೆಯ ಮುಂದೆ ನಿಲ್ಲಿಸಿದಾಗ ನಾಲ್ಕು ಜನ ಕೂಡಿದರು. ಅವರಲ್ಲೊಬ್ಬನ ಮನೆಯಲ್ಲಿ ಇಂಥದೇ ಗಾಡಿ ಇತ್ತು, ಅದಕ್ಕೂ ಟಾಪಿರಲಿಲ್ಲ. ಹಂದರ ಎಲ್ಲಿ ಸಿಕ್ಕಿತು, ಎಷ್ಟು ಖರ್ಚಾಯಿತು ಎಂದು ಕೇಳಿದ. ಕಲ್ಲಯ್ಯ ಕೊಂಡಿ ಬಿಚ್ಚಿದ, ಮಡಚಿ ತೋರಿಸಿದ, ಮತ್ತೆ ಎತ್ತಿ ತೋರಿಸಿದ. ಸಂಗವ್ವ ಒಳಗೇ ಕೂತಿದ್ದಳು. ಟಾಪು ತಲೆಯ ಮೇಲೆ ಹೋಗಿ ಬಂದಾಗ ಕಣ್ಣು ಮುಚ್ಚಿದಳು.

ಒಳಗೆ ಕಾಂತಾ ಎಂಬ ಡಾಕ್ಟರಬಾಯಿ ಪರದೆ ಎಳೆದು ಬಹಳ ಹೊತ್ತು ನೋಡಿದರು. ಹೊರಗೆ ಬಂದು ಕೈ ತೊಳೆದುಕೊಂಡರು. ಗಂಟು ಕಂಕುಳಿಗೆ ಹೋಗಿದೆ, ಎಲುಬಿಗೂ ಹೋಗಿರಬೇಕು, ಈಗ ಕೊಯ್ದು ಉಪಯೋಗವಿಲ್ಲ, ನೋವಿಗೆ ಔಷಧ ಕೊಡುತ್ತೇನೆ ಎಂದರು. ಕಲ್ಲಯ್ಯನಿಗೆ ಒಂದೊಂದು ಮಾತೂ ಬೇರೆ ಬೇರೆಯಾಗಿ ಕೇಳಿಸಿತು, ಕೂಡಿಸಲಾಗಲಿಲ್ಲ.

"ಯಾವಾಗ ಗೊತ್ತಾತು ಇದು?" ಎಂದು ಡಾಕ್ಟರಬಾಯಿ ಕೇಳಿದರು.

"ಹೋಳಿಹುಣ್ಣಿವಿ ಮುಂದ್ರಿ," ಎಂದ ಕಲ್ಲಯ್ಯ.

"ಹೋಳಿಹುಣ್ಣಿವಿ ಮುಂದ? ಖಾನಾಪುರ ಏನ ದೂರ ಐತ್ರಿ? ಇಷ್ಟ ದಿನಾ ಏನ ಮಾಡಾಕತ್ತಿದ್ರಿ ನೀವು?"

ಹೇಳಲಿಕ್ಕೆ ಕಲ್ಲಯ್ಯನ ಹತ್ತಿರ ಒಂದೇ ಉತ್ತರವಿತ್ತು, ಅದು ಹೊರಗೆ ನಿಂತಿತ್ತು. ಅಷ್ಟರಲ್ಲಿ ಪರದೆಯ ಆಚೆಯಿಂದ ಸಂಗವ್ವನ ದನಿ ಬಂತು.

"ಅವ್ರದೇನ ತಪ್ಪಿಲ್ರಿ ಬಾಯಾರ. ದಿನಾ ಹೋಗೂಣು ನಡಿ ಅಂತಿದ್ರು. ನಾನ ಒಲ್ಲೆ ಅಂದ್ನಿ. ಹೆದರಿಕ್ಯಾತ್ರಿ ನನಗ."

ಡಾಕ್ಟರಬಾಯಿ ಅವಳ ಕಡೆ ತಿರುಗಿ, ಹೆಣ್ಣುಮಕ್ಕಳು ಹೀಗೆಯೇ ಮುಚ್ಚಿಟ್ಟುಕೊಂಡು ಜೀವ ಕಳೆದುಕೊಳ್ಳುತ್ತೀರಿ ಎಂದು ಸಿಟ್ಟಿನಿಂದ ಬೈದರು. ಸಂಗವ್ವ ಎಲ್ಲ ಬೈಗುಳಕ್ಕೂ, ಹೌದ್ರಿ, ಹೌದ್ರಿ ಎಂದಳು. ಕಲ್ಲಯ್ಯ ನಿಂತು ಕೇಳಿದ. ಸುಳ್ಳೆಂದು ಹೇಳಲು ಅವನಿಗೆ ಧೈರ್ಯವಾಗಲಿಲ್ಲ.

ಅವಳನ್ನು ಎತ್ತಿಕೊಂಡು ಬಂದೇ ಸೀಟಿನಲ್ಲಿ ಕೂರಿಸಿದ. ಜಿಟಿಜಿಟಿ ಮಳೆ ಶುರುವಾಗಿತ್ತು. ಮುಂದೆ ಹೋಗಿ ಕೂತವನು ಗಾಡಿ ಚಾಲೂ ಮಾಡಲಿಲ್ಲ.

"ಯಾಕ ಹಂಗ ಸುಳ್ಳ ಹೇಳಿದಿ?" ಎಂದು ಹಿಂದೆ ತಿರುಗದೆ ಕೇಳಿದ.

"ಮತ್ತೇನ ಹೇಳಬೇಕಿತ್ತು? ಟಾಪ್ ಮಾಡಾಕತ್ತಿದ್ರು ಅನ್ಲೇನು? ನಿಮಗ ನಗತಿದ್ರು ಮಂದಿ."

ಅವನಿಗೆ ಮೈ ತುಂಬ ಬೈಗುಳ ಬೇಕಾಗಿತ್ತು. ಅವಳು ಬೈಯಲಿಲ್ಲ. "ನಡೀರಿ, ಮಳಿ ಜೋರಾಗತೈತಿ," ಎಂದಳು.

ದೇಸೂರು ದಾಟುವಷ್ಟರಲ್ಲಿ ಮಳೆ ಕೊಡ ಸುರುವಿದ ಹಾಗೆ ಬಂತು. ಖಾನಾಪುರ ಮುಟ್ಟುವತನಕ ಗಾಡಿಯೊಳಗೆ ಒಂದು ಹನಿಯೂ ಬೀಳಲಿಲ್ಲ.